ಬೆವರುವ ವ್ಯಾನಿನಲ್ಲಿ ಕಾತ್ಯಾಯಿನಿ

ಐರ್ಲೆಂಡಿನ ಕಿಲ್ಕೆನ್ನಿಯ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಕಾತ್ಯಾಯಿನಿಗೆ ವಾರ್ಡಿನ ಕೆಮ್ಮಿಗಿಂತ ಮನೆಯ ಭಾಸ್ಕರನ ಕಾಟವೇ ಹೆಚ್ಚಾಗಿತ್ತು. ಭಾಸ್ಕರ ಅಂದರೆ ಅವಳ ಗೆಳತಿ ಅರ್ಪಿತಾಳ ಗಂಡ. ಅವರ ಮನೆಯ ಒಂದು ಕೋಣೆಯಲ್ಲಿ ಇವಳ ವಾಸ. ಕೊರೊನಾ ಬಂದಮೇಲೆ ಕೊತ್ತಂಬರಿ ಸೊಪ್ಪಿಗೂ ಸ್ಯಾನಿಟೈಸರ್ ಹೊಡೆದ ಮಹಾನುಭಾವ ಆತ. ಇವಳು ಡ್ಯೂಟಿ ಮುಗಿಸಿ ಬಂದರೆ ದೆವ್ವ ಕಂಡವನ ಹಾಗೆ ಗೋಡೆಗೆ ಅಂಟಿಕೊಳ್ಳುತ್ತಿದ್ದ. ಆ ಡಿಸೆಂಬರಿನಲ್ಲಿ ಅವಳಿಗೂ ಸಾಕಾಯಿತು. ಊರು ಸುತ್ತಲೆಂದು ಅವನು ಕೊಂಡಿದ್ದ, ಲಾಕ್‌ಡೌನಿನಿಂದ ಹಿತ್ತಲಲ್ಲೇ ನಿಂತುಹೋಗಿದ್ದ, ಒಳಗೇ ಅಡುಗೆ ಮಾಡಿ ಮಲಗಬಹುದಾದ ಕ್ಯಾಂಪರ್‌ವ್ಯಾನಿಗೆ ಹಾಸಿಗೆ ಹೊತ್ತುಕೊಂಡು ಹೋದಳು.

ಭಾಸ್ಕರನಿಗೆ ಖುಷಿ ಮುಚ್ಚಿಡಲಾಗಲಿಲ್ಲ. ಚಳಿ ಹೊಡೆಯದಿರಲೆಂದು ಚಾವಣಿಯ ಗಾಳಿಕಿಂಡಿಗೆಲ್ಲ ಟೇಪು ಮೆತ್ತಿಕೊಟ್ಟ.

ಕಾತ್ಯಾಯಿನಿ ಗ್ಯಾಸ್ ಒಲೆಯಲ್ಲಿ ಸಾರು ಕುದಿಸಿದಳು, ಒಗೆದ ಸ್ವೆಟರನ್ನು ಒಳಗೇ ನೇತುಹಾಕಿದಳು, ಮಹಾರಾಣಿಯಂತೆ ಮಲಗಿದಳು. ಬೆಳಿಗ್ಗೆ ಮೂಗಿನ ಮೇಲೆ ತೊಟಕ್ಕೆಂದು ತಣ್ಣನೆಯ ಹನಿ.

"ಸೋರ್ತಿದೆ," ಎಂದು ಭಾಸ್ಕರ ಎರಡೆರಡು ಮಾಸ್ಕ್ ಹಾಕಿಕೊಂಡು ಏಣಿ ಹತ್ತಿ ಚಾವಣಿಗೆ ಅಂಟು ಬಳಿದ. ಹನಿ ನಿಲ್ಲಲಿಲ್ಲ. ಹಾಸಿಗೆಯಡಿ ಬೂಷ್ಟು ಹಿಡಿಯಿತು. ಪಟದ ಗಣಪತಿಗೂ ಗಡ್ಡ ಬಂತು.

"ಹಿಂಗೇ ಬಿಟ್ರೆ ಇವನು ಸನ್ಯಾಸಿ ಆಗ್ತಾನೆ," ಎಂದು ಒರೆಸಿದಳು.

ಆಮೇಲೆ ಮಳೆಯೇ ಇಲ್ಲದ ಕೊರೆಯುವ ಚಳಿ. ಆದರೂ ಕಿಟಕಿಗಳಿಂದ ನೀರಿಳಿಯುತ್ತಲೇ ಇತ್ತು. ಸಾರಿನ ಮುಚ್ಚಳ ಎತ್ತಿದಾಗ ಅದರಡಿಯ ನೀರು ಕೈಗೆ ಸುರಿಯಿತು. ಮುಚ್ಚಳ ನೋಡಿದಳು, ಚಾವಣಿ ನೋಡಿದಳು. ತಾನು ಬಿಟ್ಟ ಉಸಿರು, ಸಾರಿನ ಹಬೆ, ಸ್ವೆಟರಿನ ತೇವ, ಎಲ್ಲ ಹೊರಹೋಗಲು ದಾರಿಯಿಲ್ಲದೆ ತಣ್ಣನೆ ತಗಡಿಗೆ ತಾಗಿ ನೀರಾಗುತ್ತಿವೆ! ಟೇಪನ್ನು ಪರಪರ ಕಿತ್ತಳು.

ಭಾಸ್ಕರ ಓಡಿಬಂದ. "ಅಯ್ಯೋ, ಗಾಳಿ ನುಗ್ಗತ್ತೆ!"

"ಗ್ಯಾಸ್ ಉರಿಸೋ ಕಡೆ ಗಾಳಿಕಿಂಡಿ ಮುಚ್ಚಿದೀರಲ್ರೀ! ಕೊರೊನಾಕ್ಕಿಂತ ಮೊದಲು ನೀವೇ ನನ್ನ ಮುಗಿಸ್ತಿದ್ರಿ."

ಅಂದಿನಿಂದ ಕಿಂಡಿ ಸದಾ ತುಸು ತೆರೆದೇ ಇತ್ತು. ಮನೆಯಿಂದ ವೈರು ಎಳೆದು ಕರೆಂಟಿನ ಹೀಟರನ್ನು ಸಣ್ಣಗೆ ಇಟ್ಟಳು. ಒದ್ದೆ ಬಟ್ಟೆ ಶೆಡ್ಡಿಗೆ ಹೋಯಿತು. ಹಾಸಿಗೆಯಡಿ ಮರದ ಪಟ್ಟಿ ಕೊಟ್ಟು ಗಾಳಿಯಾಡುವಂತೆ ಮಾಡಿದಳು. ಎದ್ದ ಕೂಡಲೇ ಗಾಜು ಒರೆಸಿದಳು. ಮಂಕಿಕ್ಯಾಪು ಬೇಕಾಯಿತು, ನಿಜ. ಹಾಸಿಗೆ ಮಾತ್ರ ಒಣಗಿತು.

ಫೆಬ್ರವರಿಯಲ್ಲಿ ಅವಳಿಗೆ ಎರಡೂ ಲಸಿಕೆ ಆದಮೇಲೆ ಅರ್ಪಿತಾ ಬಾಗಿಲು ಬಡಿದಳು. ಬಗಲಲ್ಲಿ ದಿಂಬು.

"ಮನೇಲೆಲ್ಲ ಬೂಷ್ಟು ಕಣೇ. ವೈರಸ್ ಹಾರಿ ಬರತ್ತೆ ಅಂತ ಇವ್ರು ಕಿಟಕಿ ತೆಗೆಯೋಕೇ ಬಿಡ್ತಿಲ್ಲ."

"ವಾಪಸ್ ಕರಿಯೋಕೆ ಬಂದ್ಯಾ? ನಾನಿಲ್ಲೇ ಗ್ರ್ಯಾಂಡ್ ಆಗಿದೀನಿ."

"ಕರಿಯೋಕಲ್ಲ. ಜರುಗು ಆ ಕಡೆ."

ಹೆಂಡತಿಯಿಲ್ಲದ ಮನೆಯಲ್ಲಿ ತಾನೇ ಬೇಯಿಸಿಕೊಂಡ ಅನ್ನವನ್ನು ಕೆಲವು ದಿನ ನುಂಗಿದ ಮೇಲೆ ಭಾಸ್ಕರ ಕಿಟಕಿಗಳನ್ನೆಲ್ಲ ತೆರೆದ. ಅರ್ಪಿತಾ ಮನೆಗೆ ಮರಳಿದಳು. ಕಾತ್ಯಾಯಿನಿ ಬೇಸಿಗೆಯವರೆಗೂ ಹಿತ್ತಲು ಬಿಡಲಿಲ್ಲ.