ಹೂದೋಟಕ್ಕೆ ಹೋದ ಕ್ಯೂಬುಗಳು

ನಮ್ಮ ಕಾಲೇಜಿನಲ್ಲಿ ಸಮ್ಮೇಳನದ ಪ್ರಬಂಧ ಬಾಲದಿಂದ ಶುರುವಾಗುತ್ತದೆ. ಮೊದಲು ಫಲಿತಾಂಶ ಹೇಳುವ ಸಾರಾಂಶ, ಆಮೇಲೆ ಪ್ರಯೋಗ. ಲಗ್ನಪತ್ರಿಕೆ ಹಂಚಿಬಿಟ್ಟು ಆಮೇಲೆ ಹೆಣ್ಣು ನೋಡಲು ಹೊರಟ ಹಾಗೆ. ಸಂಡೂರಿನ ಗಣಿಗಳಲ್ಲಿ ಅದಿರು ತೊಳೆದ ಮೇಲೆ ಉಳಿಯುವ ಕೆಂಪು ಕೆಸರನ್ನು ಒಣಗಿಸಿ, ಮರಳಿನ ಬದಲು ಬೆರೆಸಿದರೆ ಕಾಂಕ್ರೀಟು ಗಟ್ಟಿಯಾಗಿ ನಿಲ್ಲಬಹುದು ಎಂದು ನಾನು ಬರೆದಿದ್ದೆ. ನಮ್ಮ ಸಿವಿಲ್ ವಿಭಾಗದ ಮುಖ್ಯಸ್ಥರು ‘ನಿಲ್ಲಬಹುದು’ ಹೊಡೆದುಹಾಕಿ ‘ನಿಂತಿದೆ’ ಎಂದು ತಿದ್ದಿದರು. ಪಕ್ಕದಲ್ಲಿ ಅದರ ಬಲ ಇಷ್ಟು ಎಂದು ಒಂದು ಸಂಖ್ಯೆಯನ್ನೂ ಕೂರಿಸಿದರು. ಆಗಿನ್ನೂ ಒಂದು ಹಿಡಿ ಕೆಸರೂ ಲ್ಯಾಬಿಗೆ ಬಂದಿರಲಿಲ್ಲ.

“ಸರ್, ಇನ್ನಾ ಮಾಡೇ ಇಲ್ಲಲ್ರಿ,” ಎಂದೆ.

“ಮೊದ್ಲ ಕಳಸ್ರಿ ಮೇಡಂ. ಬಸ್ಸಿನ್ಯಾಗ ಸೀಟಿಗೆ ಟವೆಲ್ ಹಾಕಿದಂಗ. ರಿಸಲ್ಟ್ ಆಮ್ಯಾಲೆ ಬರ್ತೈತಿ.”

ಅವರಿಗೆ ಅದು ಮಾಮೂಲು. ನನ್ನ ಪಿಎಚ್‌.ಡಿ. ನೋಂದಣಿಗೆ ಮಾತ್ರ ಕೊನೆಯ ಗಡುವು ಮುಗಿಯುತ್ತ ಬಂದಿತ್ತು. ಈ ಸಮ್ಮೇಳನದಲ್ಲಿ ಪ್ರಬಂಧ ಓದದಿದ್ದರೆ ನೋಂದಣಿ ರದ್ದು, ಅಷ್ಟು ವರ್ಷಗಳ ಕೆಲಸ ನೀರುಪಾಲು. ಸಾರಾಂಶ ಒಪ್ಪಿಗೆಯಾಯಿತೆಂದು ಮೇಲ್ ಬಂದಾಗ ಖುಷಿಗಿಂತ ಹೆಚ್ಚಾಗಿ ಭಯವೇ ಆಯಿತು.

ಕೆಸರು ತರಲು ಅಪ್ಪನೂ ಬಂದ. ಅಪ್ಪ ಸಂಡೂರಿನ ಗಣಿಯೊಂದರಲ್ಲಿ ಲಾರಿಗೆ ಅದಿರು ತುಂಬುವ ಕೂಲಿಯಾಗಿದ್ದವನು. ಗಣಿ ಮುಚ್ಚಿದ ಮೇಲೆ ನಾವು ಚಿತ್ತವಾಡ್ಗಿಗೆ ಬಂದು ಬಾಡಿಗೆ ಮನೆ ಹಿಡಿದೆವು. ಸಂಡೂರಿನ ಮನೆಯ ಗೋಡೆಗೆ, ಪಾತ್ರೆಗೆ, ನನ್ನ ಶಾಲೆಯ ಲಂಗಕ್ಕೆ, ಎಲ್ಲಕ್ಕೂ ಆ ಕೆಂಪು ಹತ್ತಿತ್ತು. ಅವ್ವ ಬದುಕಿರುವವರೆಗೂ ಅದನ್ನು ಬಯ್ಯುತ್ತಲೇ ಬಟ್ಟೆ ಒಗೆದಳು. ಟೆಂಪೋದಲ್ಲಿ ಚೀಲದ ಮೇಲೆ ಕೈಯಿಟ್ಟು ಕೂತ ಅಪ್ಪ, “ಇದರಾಗ ಮನಿ ಕಟ್ಟಾಕ ಬರ್ತೈತೇನವ್ವಾ?” ಎಂದು ಕೇಳಿದ.

“ಅದನ್ನ ನೋಡಾಕ ಒಯ್ಯಾಕತ್ತೀನಪ್ಪಾ.”

“ಬಂದ್ರ ಭಾಳ ಛಲೋ. ಇಷ್ಟು ದಿನ ಬರೇ ಮಂದಿ ಹೊಲ ಹಾಳು ಮಾಡೈತಿ ಇದು.”

ಆವತ್ತಿನಿಂದ ಬೆಳಿಗ್ಗೆ ಚಹಾದ ಲೋಟ ಕೈಗೆ ಕೊಟ್ಟರೆ ಸಾಕು, ಅವನದು ಅದೇ ಪ್ರಶ್ನೆ: “ನಮ್ಮ ಕೆಸರು ಗಟ್ಟಿ ಆತೇನು?”

ಬೇರೆ ಬೇರೆ ಪ್ರಮಾಣದಲ್ಲಿ ಕೆಸರು ಬೆರೆಸಿ ಕ್ಯೂಬುಗಳನ್ನು ಹಾಕಿದೆ. ಕ್ಯೂಬು ಅಂದರೆ ಗೇಣುದ್ದವೂ ಇಲ್ಲದ, ಎಲ್ಲ ಕಡೆಗೂ ಒಂದೇ ಅಳತೆಯ ಕಾಂಕ್ರೀಟಿನ ಗಟ್ಟಿ. ನಾಲ್ಕು ವಾರ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು, ಆಮೇಲೆ ಯಂತ್ರದ ಕೆಳಗೆ ಒತ್ತಿ ಒಡೆಯಬೇಕು. ಎಷ್ಟು ಭಾರಕ್ಕೆ ಒಡೆಯಿತು ಎನ್ನುವುದರ ಮೇಲೆ ಅದರ ಬಲದ ಲೆಕ್ಕ. ಯಾವುದರಲ್ಲಿ ಎಷ್ಟು ಕೆಸರಿದೆ ಎಂದು ಪ್ರತಿಯೊಂದರ ನೆತ್ತಿಯ ಮೇಲೂ ಮಾರ್ಕರಿನಲ್ಲಿ ಗುರುತು ಬರೆದೆ. ಅವು ನೆನೆಯುತ್ತಿರುವಾಗಲೇ ಸಮ್ಮೇಳನದವರು ಕೊಟ್ಟ ನಮೂನೆಯಲ್ಲಿ ಪೀಠಿಕೆ, ವಿಧಾನ, ಎಲ್ಲ ತುಂಬಿಸಿ ಫಲಿತಾಂಶದ ಕೋಷ್ಟಕವನ್ನಷ್ಟೇ ಖಾಲಿ ಬಿಟ್ಟೆ.

ನಾಲ್ಕು ವಾರ ಮುಗಿಯುವ ಮುಂಚೆ ನನ್ನನ್ನು ಕಂಪ್ಲಿಗೆ ಪರೀಕ್ಷೆಯ ಡ್ಯೂಟಿಗೆ ಹಾಕಿದರು. ಮುಗಿಸಿಕೊಂಡು ಬರುವಷ್ಟರಲ್ಲಿ ಕಾಲೇಜಿಗೆಲ್ಲ ಸುಣ್ಣಬಣ್ಣವಾಗಿತ್ತು. ತಪಾಸಣೆಯ ಸಮಿತಿ ಬರುವುದಿತ್ತು. ನನ್ನ ತೊಟ್ಟಿ ಒಣಗಿ, ಒಳಗೆ ಚೆಂದದ ನೀಲಿ ಬಣ್ಣ ಬಳಿಸಿಕೊಂಡು ಕೂತಿತ್ತು.

ಸಿವಿಲ್ ವಿಭಾಗವಿರುವ ಕಾಲೇಜುಗಳಲ್ಲಿ ಒಂದು ಪದ್ಧತಿಯಿದೆ. ಪರೀಕ್ಷೆ ಮುಗಿದ ಕ್ಯೂಬುಗಳನ್ನು ಎಸೆಯಲು ಮನಸ್ಸಾಗದೆ ಹೂಗಿಡಗಳ ಸುತ್ತ ಸಾಲಾಗಿ ಹೂಳುತ್ತಾರೆ, ಒಂದಕ್ಕೆ ಕೆಂಪು, ಒಂದಕ್ಕೆ ಬಿಳಿ ಬಳಿಯುತ್ತಾರೆ. ನನ್ನ ಕ್ಯೂಬುಗಳು ಪರೀಕ್ಷೆಯ ಮುಖವನ್ನೇ ನೋಡದೆ ಆ ಸಾಲಿಗೆ ಸೇರಿದ್ದವು.

“ತೊಟ್ಟಿ ಖಾಲಿ ಮಾಡಂದ್ರು ಮೇಡಂ,” ಎಂದ ಅಟೆಂಡರ್. “ಒಡದ ಕ್ಯೂಬ್ ಹೂಳಿದ್ರ ಸಾಲು ಸೊಟ್ಟ ಬರ್ತೈತ್ರಿ. ಇವು ಒಡದಿಲ್ಲಲ್ರಿ, ಮಸ್ತ್ ಮೂಲಿ ಹಿಡದು ಕುಂತಾವ ನೋಡ್ರಿ.”

ಸಾಲು ನಿಜಕ್ಕೂ ನೆಟ್ಟಗಿತ್ತು. ಒಂದೆರಡು ಕ್ಯೂಬುಗಳ ನೆತ್ತಿಗೆ ಬಣ್ಣ ಬಿಡಿಸುವ ಥಿನ್ನರ್ ಹಾಕಿ ತಿಕ್ಕಿದೆ; ಎಣ್ಣೆಬಣ್ಣದ ಜೊತೆ ಗುರುತೂ ಅಳಿಸಿಹೋಯಿತು. ಒಡೆದು ನೋಡಿದರೂ ಎಷ್ಟು ಕೆಸರಿಗೆ ಎಷ್ಟು ಬಲ ಎಂದು ಹೇಳುವ ದಾರಿ ಇರಲಿಲ್ಲ. ಹೊಸದಾಗಿ ಹಾಕಿ ನೆನೆಸುವಷ್ಟು ದಿನವೂ ಉಳಿದಿರಲಿಲ್ಲ.

ಮುಖ್ಯಸ್ಥರು ಕೆಟ್ಟವರಲ್ಲ. ಕುರ್ಚಿ ಎಳೆದು ಕೂರಿಸಿ, ಚಹಾ ತರಿಸಿ ಹೇಳಿದರು: “ಅಬ್‌ಸ್ಟ್ರ್ಯಾಕ್ಟಿನ್ಯಾಗ ನಂಬರ್ ಐತಲ್ಲ ಮೇಡಂ. ಅದರ ಆಚೀಚೆ ಒಂದಿಷ್ಟು ನಂಬರ್ ಹಾಕಿ ಟೇಬಲ್ ಮಾಡ್ರಿ. ಯಾರು ಬಂದು ಒಡದು ನೋಡ್ತಾರ?”

ಯಾರೂ ನೋಡುವುದಿಲ್ಲ, ಅದು ನನಗೂ ಗೊತ್ತಿತ್ತು. ಕೋಷ್ಟಕ ತೆರೆದು ಕೂತರೆ ಅಪ್ಪ ಕೇಳಿದ ಮನೆಯೇ ಕಣ್ಣಮುಂದೆ ಬಂದು ನಿಲ್ಲುತ್ತಿತ್ತು. ನನ್ನ ಸಂಖ್ಯೆ ನಂಬಿ ಯಾರಾದರೂ ಗೋಡೆ ಎಬ್ಬಿಸಿದರೆ? ಕೋಷ್ಟಕವನ್ನು ಖಾಲಿಯೇ ಬಿಟ್ಟು ಮುಚ್ಚಿದೆ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಆಮೇಲೆ ಎಷ್ಟೋ ಸಲ, ತುಂಬಿಬಿಡಬೇಕಿತ್ತು ಎಂದು ನನ್ನನ್ನೇ ಬಯ್ದುಕೊಂಡಿದ್ದೇನೆ. ಪ್ರಬಂಧ ಕಳಿಸುವ ಗಡುವು ಮುಂದಕ್ಕೆ ಹಾಕಿ ಎಂದು ಸಮ್ಮೇಳನದವರನ್ನು ಬೇಡಿಕೊಂಡೆ. ಆಗುವುದಿಲ್ಲ ಎಂದು ಬಹಳ ಸೌಜನ್ಯದಿಂದ ಬರೆದರು.

ಸಮ್ಮೇಳನ ನಡೆದದ್ದು ಹಂಪಿ ರಸ್ತೆಯ ಹೋಟೆಲೊಂದರಲ್ಲಿ. ಅತಿಥಿಗಳನ್ನು ನೋಡಿಕೊಳ್ಳುವ ಕೆಲಸ ನಮ್ಮ ಕಾಲೇಜಿನದು. ನನ್ನನ್ನು ಬಾಗಿಲ ಮೇಜಿಗೆ ಕೂರಿಸಿದರು. ಬಂದವರ ಕೊರಳಿಗೆ ಬ್ಯಾಡ್ಜು, ಕೈಗೆ ಚೀಲ. ಒಳಗೆ ಚಪ್ಪಾಳೆಯಾದಾಗಲೆಲ್ಲ ಯಾರದೋ ಪ್ರಬಂಧ ಮುಗಿಯಿತೆಂದು ಲೆಕ್ಕ. ಮಧ್ಯಾಹ್ನ ಎಲ್ಲರನ್ನೂ ಹಂಪಿ ನೋಡಲು ಬಸ್ಸು ಹತ್ತಿಸಿ, ಉಳಿದ ಚೀಲಗಳನ್ನು ಕಟ್ಟಿಟ್ಟೆ.

ನೋಂದಣಿ ರದ್ದಾಯಿತು. ಸಂಶೋಧನೆಗೆಂದು ಲ್ಯಾಬು ಬಳಸುವ ಅನುಮತಿಯೂ ಅದರೊಂದಿಗೇ ಹೋಯಿತು. ಒಂದು ಮಧ್ಯಾಹ್ನ ವಿದ್ಯಾರ್ಥಿಗಳ ಪ್ರಾಕ್ಟಿಕಲ್ ಮುಗಿದ ಮೇಲೆ ಸಾಲಿನಿಂದ ಒಂದು ಕ್ಯೂಬು ಕಿತ್ತು ತಂದು ಯಂತ್ರದ ಕೆಳಗಿಟ್ಟೆ. ಭಾರ ತೋರಿಸುವ ಮುಳ್ಳು ಏರಿತು. ಮುಖ್ಯಸ್ಥರ ಸಂಖ್ಯೆಗೆ ಬೇಕಾದ ಭಾರವನ್ನು ದಾಟಿತು, ಇನ್ನೂ ಏರಿತು, ಆಮೇಲೆ ಕ್ಯೂಬು ಒಡೆಯಿತು. ಒಳಗೆಲ್ಲ ನಮ್ಮ ಕೆಂಪು. ಎಷ್ಟು ಕೆಸರಿತ್ತೋ ಅದರಲ್ಲಿ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಗುರುತಿಲ್ಲದ ಒಂದು ಕ್ಯೂಬು ಯಾವ ಪ್ರಬಂಧಕ್ಕೂ ಆಗುವುದಿಲ್ಲ.

“ಸಾಲಿನ್ಯಾಗ ಹಲ್ಲು ಬಿದ್ದಂಗ ಕಾಣ್ತೈತ್ರಿ ಮೇಡಂ,” ಎಂದು ಅಟೆಂಡರ್ ಬಂದು ನಿಂತ. ಒಡೆದ ತುಂಡನ್ನೇ ಒಯ್ದು, ಬಣ್ಣದ ಮಗ್ಗುಲು ಹೊರಗೆ ಮಾಡಿ ಮತ್ತೆ ಹೂತೆ.

ಮಾರನೆಯ ಬೆಳಿಗ್ಗೆ ಅಪ್ಪ ಲೋಟ ತೆಗೆದುಕೊಂಡು ಎಂದಿನಂತೆ ಕೇಳಿದ. ಅಷ್ಟು ದಿನ ‘ಇನ್ನಾ ಇಲ್ಲಪ್ಪಾ’ ಎನ್ನುತ್ತಿದ್ದವಳು, “ಗಟ್ಟಿ ಆಗೈತಪ್ಪಾ. ಭಾಳ ಗಟ್ಟಿ ಆಗೈತಿ,” ಎಂದೆ.

ಅವನ ಮುಖ ಅಷ್ಟು ಅರಳಿದ್ದನ್ನು ನಾನು ಸಂಡೂರು ಬಿಟ್ಟ ಮೇಲೆ ನೋಡಿರಲಿಲ್ಲ. “ಹಂಗಾರ ಜಲ್ದಿ ಬರದು ಕಳಸವ್ವಾ ಆ ಸಮ್ಮೇಳನದವ್ರಿಗೆ,” ಎಂದ.

“ಕಳಸ್ತೀನಪ್ಪಾ,” ಎಂದೆ. ಅಪ್ಪ ಅದನ್ನೂ ನಂಬಿದ.