ಉಪಾಶಿ ಪಟ್ಟಿ

ಪುಣೆಯ ವಿದ್ಯಾಪೀಠದಲ್ಲಿ ನಮ್ಮ ಪ್ರಯೋಗಾಲಯದ ಕೆಲಸವೆಂದರೆ ಮಣ್ಣಿನೊಳಗಿನ ಕಣ್ಣಿಗೆ ಕಾಣದ ಜೀವಿಗಳನ್ನು ಗಾಜಿನ ತಟ್ಟೆಗಳಲ್ಲಿ ಬೆಳೆಸಿ ಎಣಿಸುವುದು. ಉಳಿದ ವಿಭಾಗದವರು ನಮ್ಮನ್ನು ಮಣ್ಣು ತಿನ್ನುವವರೆಂದು ಚೇಷ್ಟೆ ಮಾಡುತ್ತಿದ್ದರು. ನಮ್ಮ ಹಿರಿಯರು, ನಾನು ಸರ್ ಎನ್ನುತ್ತಿದ್ದವರು, ನಕ್ಕುಬಿಡುತ್ತಿದ್ದರು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಗಡಿಯಂಚಿನ ಜತ್ತ ತಾಲೂಕು ನನ್ನ ಸೀಮೆ, ಕನ್ನಡ ಮನೆಮಾತು. ಅದಕ್ಕೇ ಸರ್ ಅದೇ ತಾಲೂಕಿನ ಸೋನ್ಯಾಳದ ಹೊಲದ ಕೆಲಸಕ್ಕೆ ನನ್ನನ್ನು ಕರೆದೊಯ್ಯುತ್ತಿದ್ದರು. ಅಲ್ಲಿ ಒಂದು ಪಟ್ಟಿ ನೆಲಕ್ಕೆ ಮೂರು ವರ್ಷ ಹಿಡಿ ಗೊಬ್ಬರವನ್ನೂ ಹಾಕಿರಲಿಲ್ಲ. ಗೊಬ್ಬರ ಕಾಣದ ಮಣ್ಣಿನಲ್ಲಿ ಯಾವ ಜೀವಿಗಳು ಉಳಿಯುತ್ತವೆ, ಅದು ಅವರ ಪ್ರಶ್ನೆ. ಆ ಬೇಸಿಗೆ ಕೊನೆಯ ಸಲ ಮಣ್ಣು ತೆಗೆದರೆ ಕೆಲಸ ಮುಗಿಯುತ್ತಿತ್ತು. ಅವರಿಗೆ ಎದೆಯ ರೋಗವಿತ್ತು. ಇದೊಂದು ಮುಗಿಸಿ ಹೋದರೆ ಸಾಕು ಎನ್ನುತ್ತಿದ್ದರು. ಆ ನೆಲವನ್ನು ಮರಾಠಿಯಲ್ಲಿ 'ಉಪಾಶಿ ಪಟ್ಟಿ' ಎನ್ನುತ್ತಿದ್ದರು, ಹಸಿದ ಪಟ್ಟಿ ಎಂದು. ನಮ್ಮ ಕಡೆ ಮರಾಠಿ ತಿಳಿಯದವರು ಯಾರಿದ್ದಾರೆ? ಪಕ್ಕದಲ್ಲೇ ಕುರಿ ಮೇಯಿಸುವ ಅಜ್ಜನೊಬ್ಬನ ಕಿವಿಗೂ ಆ ಮಾತು ಬಿದ್ದಿತ್ತು.

ಆ ಸಲ ನಾವು ಡಬ್ಬಿ ಹಿಡಿದುಕೊಂಡು ಹೋದಾಗ ಪಟ್ಟಿಯ ತುಂಬ ಕುರಿಹಿಕ್ಕೆ. ನಮ್ಮ ಸೀಮೆಯಲ್ಲಿ ಹೊಲಕ್ಕೆ ಗೊಬ್ಬರವಾಗಲೆಂದು ರಾತ್ರಿ ಕುರಿ ಕೂಡಿಸಿಕೊಂಡ ರೈತರು ಕುರಿಯವರಿಗೆ ಕಾಳು ಕೊಡುತ್ತಾರೆ. ಅಜ್ಜ ಪುಕ್ಕಟೆ ಕೂಡಿಸಿದ್ದ.

"ಹೊಲ ಉಪಾಸ ಐತಿ ಅಂತಿದ್ರಿ. ನೀವೂ ಬಡಕಾಗೀರಿ. ಕರುಳು ಚುರ್ ಅಂತು, ಕುರಿ ಕೂಡಿಸೀನ್ರಿ. ಕಾಳು ಏನೂ ಬ್ಯಾಡ್ರಿ," ಎಂದ.

ಮೂರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಸಿಟ್ಟು ನೆತ್ತಿಗೇರಿ ನಾನು ಬಾಯಿ ತೆರೆದೆ. ಸರ್ ನನ್ನ ಮೊಣಕೈ ಹಿಡಿದರು. ಅಜ್ಜನಿಗೆ ಕೈ ಮುಗಿದು, ನನ್ನಿಂದ ಕಲಿತ ಹರಕು ಕನ್ನಡದಲ್ಲಿ, "ಭಾಳ ಚಲೋ ಮಾಡಿದ್ರಿ," ಎಂದರು. ಅವನು ಕೊಟ್ಟ ಮಜ್ಜಿಗೆಯನ್ನೂ ಕುಡಿದರು.

ಜತ್ತಿಗೆ ಬರುವ ಬಸ್ಸಿನಲ್ಲಿ ಸರ್ ಕೆಮ್ಮುತ್ತಲೇ ಇದ್ದರು. ಇನ್ನೊಂದು ಪಟ್ಟಿ ಹಿಡಿಯೋಣವೇ ಎಂದು ಕೇಳಿದೆ. ನೆಲ ಹಸಿದಿದೆ ಎಂದು ಕೇಳಿ ಅಜ್ಜ ಉಣ್ಣಿಸಿದ್ದಾನೆ, ಅವನ ಮೇಲೆ ಸಿಟ್ಟು ಯಾಕೆ ಎಂದು ಮರಾಠಿಯಲ್ಲಿ ಹೇಳಿ ಕಿಟಕಿಯತ್ತ ತಿರುಗಿದರು. ಕಣ್ಣುಗಳು ಒದ್ದೆಯಾಗಿದ್ದವು. ಇನ್ನೂ ಮೂರು ವರ್ಷ ಅವರ ಕೈಯಲ್ಲಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು. ಅವರ ಗಾಜಿನ ತಟ್ಟೆಗಳನ್ನು ನಾನೇ ಕುದಿಸಿ ತೊಳೆದಿಟ್ಟೆ. ತೊಳೆಯುವಾಗ ಅಳು ತಡೆಯಲಾಗಲಿಲ್ಲ.

ಎಳ್ಳಮಾವಾಸ್ಯೆಗೆ ಊರಿಗೆ ಬಂದವನು ಸೋನ್ಯಾಳಕ್ಕೆ ಹೋದೆ. ಹೊಲದವರು ಬಿತ್ತಿದ್ದ ಜೋಳ ಆ ಪಟ್ಟಿಯಲ್ಲಿ ಆಳೆತ್ತರ ನಿಂತು ತೆನೆ ಬಿಟ್ಟಿತ್ತು. ಸುತ್ತಲಿನ ಯಾವ ಹೊಲದಲ್ಲೂ ಅಂಥ ಬೆಳೆಯಿರಲಿಲ್ಲ. ಸರ್ ಹೋದ ಸುದ್ದಿ ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಅಜ್ಜ ದಂಟು ಸವರುತ್ತ ನನ್ನ ಹಿಂದೆ ಮುಂದೆ ಕಣ್ಣಾಡಿಸಿದ.

"ಸಾಹೇಬ್ರನ್ನ ಲಗೂನ ಕರ್ಕೊಂಡು ಬರ್ರಿ. ಹೊಲದ ಹೊಟ್ಟಿ ತುಂಬೈತಿ, ಒಮ್ಮೆ ಕಣ್ಣಿಲೆ ನೋಡ್ಲಿ," ಎಂದ.

ಕರೆದುಕೊಂಡು ಬರುತ್ತೇನೆ ಎಂದೆ.