ದೊಡ್ಡಮ್ಮನ ಮರ, ಚಿಕ್ಕಮ್ಮನ ಸೋಪಿನ ನೀರು

ನಮ್ಮ ದೊಡ್ಡಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ. ತೋಟಗಾರಿಕೆಯ ತರಬೇತಿ ಮುಗಿಸಿ, ಗಿಡಗಳ ಬಗ್ಗೆ ಸಲಹೆ ಕೊಡುವ ಸ್ವಯಂಸೇವಕಿಯಾದ ಮೇಲೆ ಆ ಕೋಪಕ್ಕೊಂದು ಮೇಜು, ಒಂದು ಕುರ್ಚಿ ಸಿಕ್ಕಿತು, ಅಷ್ಟೇ. ಶನಿವಾರ ಬೆಳಿಗ್ಗೆ ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ಕೂರುತ್ತಾರೆ. ಬಡಾವಣೆಯ ಜನ ಒಣಗಿದ ಎಲೆ, ಹಳದಿಯಾದ ಹುಲ್ಲು, ಹುಳ ಬಿದ್ದ ಕಾಯಿಗಳನ್ನು ಚೀಲದಲ್ಲಿ ತಂದು ತೋರಿಸಿ, ಸಲಹೆಯ ಜೊತೆ ಮಂಗಳಾರತಿಯನ್ನೂ ಎತ್ತಿಸಿಕೊಂಡು ಹೋಗುತ್ತಾರೆ.

"ಹುಲ್ಲುಹಾಸಿಗೆ ದಿನಾ ಇಷ್ಟು ನೀರು ಬಿಡ್ತೀರಾ? ಅದೇನು ಅಂಗಳವೋ, ಗದ್ದೆಯೋ?" ಎಂದು ಪಾಪದ ಮೇಷ್ಟ್ರೊಬ್ಬರ ಬೆವರಿಳಿಸಿದ್ದನ್ನು ನಾನೇ ನೋಡಿದ್ದೇನೆ. ಪಕ್ಕದ ಕುರ್ಚಿ ನನ್ನದು. ತರಬೇತಿಗೆ ನನ್ನನ್ನು ತಳ್ಳಿದ್ದೂ ದೊಡ್ಡಮ್ಮನೇ.

ಅವರ ಅಸಲಿ ದ್ವೇಷವೆಲ್ಲ ಪಕ್ಕದ ಮನೆಯ ಮೇಲೆ. ಅಲ್ಲಿರುವುದು ಅವರ ಓರಗಿತ್ತಿ, ನನ್ನ ಚಿಕ್ಕಮ್ಮ. ಎರಡು ಮನೆಗಳ ನಡುವೆ ಗೋಡೆಯಿಲ್ಲ, ಒಂದು ಮಾವಿನ ಮರವಿದೆ. ಮದುವೆಯಾಗಿ ಬಂದ ಹೊಸತರಲ್ಲಿ ದೊಡ್ಡಮ್ಮ ನೆಟ್ಟಿದ್ದು. "ಈ ಮನೇಲಿ ನಂದು ಅಂತ ಇರೋದು ಇದೊಂದೇ" ಎನ್ನುತ್ತಿದ್ದರು. ಕೆಲ ವರ್ಷಗಳ ಹಿಂದೆ ಅದರ ಬುಡಕ್ಕೆ ಚಿಕ್ಕಮ್ಮ ಬಟ್ಟೆ ಒಗೆದ ಸೋಪಿನ ನೀರು ಸುರಿಯತೊಡಗಿದರು. ದೊಡ್ಡಮ್ಮ ಬೀದಿಗೆಲ್ಲ ಕೇಳುವಂತೆ ಜಗಳ ತೆಗೆದರು. ಅಂದಿನಿಂದ ಮಾತುಕತೆ ಬಂದ್. ಕೆಲ ದಿನದಲ್ಲೇ ಗಾರೆಯವನನ್ನು ಕರೆಸಿ ಮರದ ಸುತ್ತ ಇಟ್ಟಿಗೆಯ ಕಟ್ಟೆ ಕಟ್ಟಿಸಿದರು. ಒಂದು ಹನಿ ಸೋಪಿನ ನೀರೂ ಒಳಗೆ ಹೋಗದಿರಲೆಂದು ಅದರೊಳಗೆ ಮೊಣಕಾಲೆತ್ತರ ಮಣ್ಣು ತುಂಬಿಸಿದರು.

ಈ ವರ್ಷ ಮರ ತುದಿಯಿಂದ ಒಣಗತೊಡಗಿತು. "ಆ ಮಾರಿ ಕೊನೆಗೂ ಕೊಂದ್ಲು" ಎಂದು ದೊಡ್ಡಮ್ಮ ಹಲ್ಲು ಕಡಿದರು. ಬರೀ ಬೈದರೆ ಸಾಲದು, ಚಿಕ್ಕಮ್ಮನೇ ಕೊಂದದ್ದೆಂದು ನಮ್ಮ ಮೇಜಿನಿಂದ ತೀರ್ಪು ಬರಬೇಕಿತ್ತು. ಸ್ವಂತ ಗಿಡದ ಬಗ್ಗೆ ನಾವೇ ತೀರ್ಪು ಕೊಡುವಂತಿಲ್ಲ, ಇನ್ನೊಬ್ಬ ಸ್ವಯಂಸೇವಕರು ಬಂದು ನೋಡಬೇಕು. ಹಾಗಾಗಿ ನಾನು ಗುದ್ದಲಿ ಹಿಡಿದು ಹೋದೆ. ಚಿಕ್ಕಮ್ಮ ಅಡುಗೆಮನೆ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು.

"ಚೆನ್ನಾಗಿ ಅಗಿ. ಅವಳೂ ನೋಡ್ಲಿ" ಎಂದರು ದೊಡ್ಡಮ್ಮ.

ಕಟ್ಟೆಯ ಮಣ್ಣು ತೆಗೆದೆ. ಒಳಗೆ ಹೂತಿದ್ದ ಕಾಂಡ ಸುತ್ತಲೂ ಕಪ್ಪಗಾಗಿತ್ತು. ಬೆರಳಿಟ್ಟರೆ ತೊಗಟೆ ಕಿತ್ತು ಬರುತ್ತಿತ್ತು. ಮಣ್ಣೇರಿಸಿ ಕಾಂಡ ಮುಚ್ಚಬಾರದು, ತೇವ ನಿಂತು ತೊಗಟೆ ಕೊಳೆಯುತ್ತದೆ ಎಂದು ಬಂದವರಿಗೆಲ್ಲ ಬೈದು ಬುದ್ಧಿ ಹೇಳುವ ಹೆಂಗಸು ಇವರು! ನನಗೆ ಮೈಯೆಲ್ಲ ಉರಿಯಿತು.

"ದೊಡ್ಡಮ್ಮ, ಇದು ಸೋಪಿನ ನೀರಿಂದ ಆಗಿದ್ದಲ್ಲ."

"ಕಣ್ಣು ಕಾಣುತ್ತೆ ನಂಗೆ" ಎಂದು ಸಿಡುಕಿದರು. ಬಗ್ಗಿ ತೊಗಟೆ ಮುಟ್ಟಿದರು. ಅದು ಅವರ ಬೆರಳಿಗೂ ಕಿತ್ತು ಬಂತು.

ಚಿಕ್ಕಮ್ಮ ಮೆಟ್ಟಿಲಿಳಿದು ಬಂದರು. "ಕಟ್ಟೆ ಕಟ್ಟಿಸೋಕೆ ಮೊದಲೇ ನಾನು ಇಲ್ಲಿ ನೀರು ಸುರಿಯೋದು ಬಿಟ್ಟಿದ್ದೆ ಅಕ್ಕ."

"ಹೇಳೋಕೆ ಬಾಯಿರ್ಲಿಲ್ವಾ ನಿಂಗೆ?"

"ಜಗಳ ಆದ ಮಾರನೇ ದಿನವೇ ಹೇಳೋಕೆ ಬಂದಿದ್ದೆ. ನನ್ನ ನೋಡಿದ್ದೇ ತಡ, ದಢಾರಂತ ಬಾಗಿಲು ಹಾಕ್ಕೊಂಡ್ರಿ."

ದೊಡ್ಡಮ್ಮ ಕುಕ್ಕರುಗಾಲಲ್ಲಿ ಕೂತು ಉಳಿದ ಮಣ್ಣನ್ನು ಕೈಯಿಂದಲೇ ಬಾಚಿ ಬಾಚಿ ಹೊರಗೆಸೆಯತೊಡಗಿದರು. ಮರ ಇನ್ನು ಬದುಕುವುದಿಲ್ಲವೆಂದು ನಮ್ಮೆಲ್ಲರಿಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು.